ಸುಳಿ ಹುಳಕ್ಕೆ ಸರ್ಚ್ ವಾಲ್ಯೂಮ್ ಸೊನ್ನೆ

ಕೀವರ್ಡ್ ರಿಸರ್ಚ್ ಅಂತ ಕರೆಯುವ ಕೆಲಸದಲ್ಲಿ ರಿಸರ್ಚ್ ಇರುವುದು ಬಹಳ ಕಡಿಮೆ. ಬೆಂಗಳೂರಿನ ಯಾವುದೇ ಡಿಜಿಟಲ್ ಮಾರ್ಕೆಟಿಂಗ್ ಆಫೀಸಿಗೆ ಹೋಗಿ ನೋಡಿ. ಒಂದು ಟೂಲ್ ತೆರೆಯುತ್ತಾರೆ. ಅದರಲ್ಲಿ ಇಂಗ್ಲಿಷಿನ ಒಂದು ಪದ ಹಾಕುತ್ತಾರೆ. ಅದು ಕೊಟ್ಟ ಪಟ್ಟಿಯನ್ನು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಅನ್ನುವ ಲೆಕ್ಕದಲ್ಲಿ ಮೇಲಿಂದ ಕೆಳಗೆ ಜೋಡಿಸುತ್ತಾರೆ. ಕೊನೆಯಲ್ಲಿ ಸೊನ್ನೆ ಅಂತ ಇರುವ ಸಾಲುಗಳನ್ನೆಲ್ಲ ಆಯ್ದು ಡಿಲೀಟ್ ಒತ್ತುತ್ತಾರೆ. ಉಳಿದದ್ದು ಕ್ಲೈಂಟಿಗೆ ಹೋಗುತ್ತದೆ, ಜೊತೆಗೆ ಬಿಲ್ಲೂ ಹೋಗುತ್ತದೆ.

ನನ್ನ ತಕರಾರು ಇರುವುದು ಆ ಡಿಲೀಟ್ ಬಟನ್ನಿನ ಬಗ್ಗೆ. ಅದರಲ್ಲಿ ಅಳಿಸಿಹೋಗುವುದು ಕಸ ಅಂತ ಎಲ್ಲರೂ ನಂಬಿದ್ದಾರೆ. ನಾನು ಹುಟ್ಟಿ ಬೆಳೆದ ಕಡೆಯ ಮಟ್ಟಿಗೆ ಹೇಳುವುದಾದರೆ, ಅದರಲ್ಲಿ ಅಳಿಸಿಹೋಗುವುದು ಜನ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಆರು ತಾಲೂಕುಗಳಲ್ಲಿ ಹೊಸಪೇಟೆ ಬಿಟ್ಟರೆ ಉಳಿದವು ಈ ಐದು. ಹೊಸಪೇಟೆಗಾದರೂ ಹಂಪಿ ಇದೆ, ಟಿಬಿ ಡ್ಯಾಮ್ ಇದೆ, ಪ್ರಪಂಚವೇ ಹುಡುಕಿಕೊಂಡು ಬರುತ್ತದೆ. ನಮ್ಮ ಐದು ತಾಲೂಕುಗಳನ್ನು ಹುಡುಕುವವರು ಹೆಚ್ಚಾಗಿ ನಾವೇ. ಹಾಗೆ ಹುಡುಕುವುದು ಎಷ್ಟು ಕಷ್ಟ ಅನ್ನೋದನ್ನ ಊರಿನ ಹೆಸರುಗಳಿಂದಲೇ ಶುರು ಮಾಡೋಣ.

ಹಗರಿಬೊಮ್ಮನಹಳ್ಳಿ ಅಂತ ಪೂರ್ತಿ ಹೇಳುವವರು ಬಸ್ಸಿನ ಬೋರ್ಡು ಬರೆಯುವವರು ಮಾತ್ರ. ಉಳಿದವರಿಗೆಲ್ಲ ಅದು ಎಚ್‌ಬಿ ಹಳ್ಳಿ, ಇಲ್ಲಾಂದ್ರೆ ಬರೀ ಬೊಮ್ಮನಹಳ್ಳಿ. ಮೊಬೈಲಿನಲ್ಲಿ ಬೊಮ್ಮನಹಳ್ಳಿ ದವಾಖಾನೆ ಅಂತ ಹುಡುಕಿದರೆ ಹೊಸೂರು ರಸ್ತೆಯ ಬೊಮ್ಮನಹಳ್ಳಿಗೆ ಕಳಿಸುವ ಸಾಧ್ಯತೆಯೇ ಹೆಚ್ಚು. ಜಿಲ್ಲೆಯ ಹೆಸರು ಸೇರಿಸಿ ನೋಡೋಣ ಅಂದ್ರೆ ವಿಜಯನಗರ ಅಂದರೆ ಮೆಜೆಸ್ಟಿಕ್ಕಿನಿಂದ ಮೆಟ್ರೋ ಹತ್ತಿ ಹೋಗುವ ವಿಜಯನಗರ. ಅದು ತಪ್ಪಿದರೆ ಕೃಷ್ಣದೇವರಾಯ, ಅದೂ ತಪ್ಪಿದರೆ ಆಂಧ್ರದ ವಿಜಯನಗರಂ. ಜಿಲ್ಲೆ ಉದ್ಘಾಟನೆ ಆಗಿದ್ದು 2021ರ ಅಕ್ಟೋಬರ್ 2ರಂದು. ಹೆಸರಿಡುವಾಗ ಇತಿಹಾಸ ನೋಡಿದರು, ಸರ್ಚ್ ಬಾಕ್ಸ್ ಯಾರೂ ನೋಡಲಿಲ್ಲ.

ಹರಪನಹಳ್ಳಿಯದು ಇನ್ನೊಂದು ಕಥೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. 24 ವರ್ಷದಲ್ಲಿ ಮೂರು ಸಲ ಜಿಲ್ಲೆ ಬದಲು. ಜಾಲದಲ್ಲಿ ಮೂರೂ ಜಿಲ್ಲೆಯ ವಿಳಾಸಗಳು ಇನ್ನೂ ಜೀವಂತ ಇವೆ. ಅದಕ್ಕೆ ಮೇಲೆ ಸ್ಪೆಲ್ಲಿಂಗ್. ಈ ಕಡೆಯ ತಾಲೂಕುಗಳು 1953ರವರೆಗೆ ಮದ್ರಾಸಿಗೆ ಸೇರಿದ್ದವು. ಬ್ರಿಟಿಷರ ಗೆಜೆಟಿಯರ್‌ಗಳಲ್ಲಿ ನಮ್ಮವು ಹರ್ಪನಹಳ್ಳಿ, ಹಡಗಲ್ಲಿ. ಆ ಹಳೆಯ ಸ್ಪೆಲ್ಲಿಂಗುಗಳು ಇವತ್ತಿಗೂ ಇಂಗ್ಲಿಷಿನಲ್ಲಿ ಓಡಾಡುತ್ತಿವೆ. ಹಡಗಲಿಗೆ ಒಂದು ಎಲ್ ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ. ಹೂವಿನ ಸೇರಿಸುವವರಲ್ಲಿ ಯು ಬರೆಯುವವರು ಬೇರೆ, ಎರಡು ಓ ಬರೆಯುವವರು ಬೇರೆ. ಕೊಟ್ಟೂರು ಅಂದರೆ ಕೇರಳ, ತಮಿಳುನಾಡಿನ ಕೊಟ್ಟೂರುಗಳೂ ಎದ್ದು ಬರುತ್ತವೆ.

ಇಷ್ಟು ಬರೀ ಊರಿನ ಹೆಸರಾಯಿತು. ಈಗ ಅಂಗಡಿಗೆ ಬನ್ನಿ.

ಕೊಟ್ಟೂರಿನಲ್ಲಿ ನನ್ನ ಸೋದರಮಾವನ ಮಗನ ಬೀಜ-ಗೊಬ್ಬರದ ಅಂಗಡಿ ಇದೆ. ಬೆಂಗಳೂರಿನ ಒಂದು ಕಂಪನಿಯವರು ಅವನಿಗೆ ವೆಬ್‌ಸೈಟ್ ಮಾಡಿಕೊಟ್ಟು, ಕೀವರ್ಡ್ ಪಟ್ಟಿಯನ್ನೂ ಕೊಟ್ಟಿದ್ದರು. ನೋಡು ಮಾಮ ಅಂತ ನನಗೆ ಕಳಿಸಿದ. ಬೆಸ್ಟ್ ಅಗ್ರಿ ಇನ್‌ಪುಟ್ ಡೀಲರ್ ಇನ್ ವಿಜಯನಗರ. ಕ್ರಾಪ್ ಪ್ರೊಟೆಕ್ಷನ್ ಸೊಲ್ಯೂಷನ್ಸ್ ನಿಯರ್ ಮಿ. ಪ್ರೀಮಿಯಂ ಹೈಬ್ರಿಡ್ ಸೀಡ್ಸ್ ಕೊಟ್ಟೂರು. ಇಡೀ ಪಟ್ಟಿಯಲ್ಲಿ ಕನ್ನಡದ ಒಂದು ಅಕ್ಷರ ಇರಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಅವನ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಕೂತಿದ್ದೆ. ಬಂದವರು ಕೇಳಿದ್ದು ಹೀಗಿತ್ತು:

"ಅಣ್ಣಾ, ಶೇಂಗಾ ಬೀಜ ಬಂದಾವೇನು?"

"ಉಳ್ಳಾಗಡ್ಡಿ ಬೀಜ ಹೆಂಗೈತಿ ಕೇಜಿ?"

"ಮೆಕ್ಕಿಜ್ವಾಳದ ಸುಳ್ಯಾಗ ಹುಳ ಬಿದ್ದಾವು, ಏನ್ ಹೊಡೀಬೇಕು?"

ಕ್ರಾಪ್ ಪ್ರೊಟೆಕ್ಷನ್ ಸೊಲ್ಯೂಷನ್ ಐತೇನು ಅಂತ ಯಾರೂ ಕೇಳಲಿಲ್ಲ.

ಈ ಮೂರನೇ ಪ್ರಶ್ನೆಯನ್ನೇ ತಗೊಳ್ಳಿ. ಹರಪನಹಳ್ಳಿ, ಕೊಟ್ಟೂರು ಕಡೆ ಮಳೆಗಾಲದಲ್ಲಿ ಬಸ್ಸಿನಲ್ಲಿ ಹೋದರೆ ಎರಡೂ ಕಡೆ ಮೆಕ್ಕೆಜೋಳ. ಅಮೆರಿಕ ಖಂಡದ ಫಾಲ್ ಆರ್ಮಿವರ್ಮ್ ಅನ್ನುವ ಹುಳ 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮದೇ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಅದು ಗಿಡದ ಸುಳಿಯೊಳಗೆ ಸೇರಿಕೊಂಡು ತಿನ್ನುತ್ತದೆ. ಮರಿ ಸಣ್ಣದಿದ್ದಾಗ ಹಿಡಿತಕ್ಕೆ ಸಿಗುತ್ತದೆ. ಬೆಳೆದು ಸುಳಿಯ ಆಳಕ್ಕೆ ಇಳಿದು, ಮೇಲೆ ಅದರ ಹಿಕ್ಕೆಯೇ ಮುಚ್ಚಿಕೊಂಡ ಮೇಲೆ ಹೊಡೆದ ಔಷಧಿ ಅದಕ್ಕೆ ತಾಗುವುದೇ ಕಷ್ಟ. ಅಂದರೆ ರೈತನ ಕೈಯಲ್ಲಿ ಇರುವುದು ಕೆಲವೇ ದಿನ. ಅಷ್ಟರಲ್ಲಿ ಅವನಿಗೆ ಸರಿಯಾದ ಮಾಹಿತಿ ಸಿಗಬೇಕು.

ಅವನು ಏನಂತ ಹುಡುಕುತ್ತಾನೆ? ಮೈಕ್ ಒತ್ತಿ ಮೆಕ್ಕಿಜ್ವಾಳ ಸುಳಿ ಹುಳ ಅನ್ನುತ್ತಾನೆ. ಕೆಲವರು ಲದ್ದಿ ಹುಳ ಅನ್ನುತ್ತಾರೆ. ಮಾಹಿತಿ ಬರೆಯುವವರು ಏನಂತ ಬರೆದಿರುತ್ತಾರೆ? ಫಾಲ್ ಸೈನಿಕ ಹುಳುವಿನ ಸಮಗ್ರ ನಿರ್ವಹಣೆ. ಬೆಳೆಯ ಹೆಸರಂತೂ ಒಂದೊಂದು ಕಡೆ ಒಂದೊಂದು. ಬೆಂಗಳೂರು-ಮೈಸೂರು ಕಡೆಯವರಿಗೆ ಮುಸುಕಿನ ಜೋಳ, ಧಾರವಾಡದ ಕಡೆ ಗೋವಿನಜೋಳ, ನಮ್ಮಲ್ಲಿ ಮೆಕ್ಕೆಜೋಳ. ಬರೀ ಜೋಳ ಅಂದರೆ ನಮಗೆ ರೊಟ್ಟಿ ಬಡಿಯುವ ಬಿಳಿ ಜೋಳ, ಬೆಂಗಳೂರಿನ ಗೆಳೆಯರಿಗೆ ಮಾಲ್‌ನಲ್ಲಿ ಬೆಣ್ಣೆ ಸವರಿ ಕಪ್ಪಿನಲ್ಲಿ ಕೊಡುವ ಹಳದಿ ಕಾಳು. ಒಂದೇ ಭಾಷೆಯೊಳಗೆ, ಒಂದೇ ರಾಜ್ಯದೊಳಗೆ, ಒಂದೇ ಹುಳದ ಬಗ್ಗೆ ಕೇಳುವವನ ಪದವೂ ಹೇಳುವವರ ಪದವೂ ಎದುರುಬದುರಾಗದೆ ಹೋಗುತ್ತವೆ. ನಡುವೆ ಯಾರು ಸಿಗುತ್ತಾರೆ? ಜಾಹೀರಾತಿಗೆ ದುಡ್ಡು ಹಾಕಿದ ಔಷಧಿ ಕಂಪನಿ. ಯಾವ ಹುಳಕ್ಕಾದರೂ ಅದರ ಉತ್ತರ ಒಂದೇ ಡಬ್ಬಿ.

ಸರಿಯಾದ ಕೀವರ್ಡ್ ಅನ್ನುವುದು ನಿಮಗೆ ಟ್ರಾಫಿಕ್ಕಿನ ವಿಷಯ ಇರಬಹುದು. ಆ ರೈತನಿಗೆ ಅದು ಒಂದು ಬೆಳೆಯ ವಿಷಯ.

ಇಲ್ಲಿ ನನ್ನ ವೃತ್ತಿಬಾಂಧವರು ಎದ್ದು ನಿಲ್ಲುತ್ತಾರೆ. ಗುರೂ, ಸುಳಿ ಹುಳ ಅಂತ ಟೂಲ್‌ನಲ್ಲಿ ಹಾಕಿ ನೋಡಿದೀವಿ, ವಾಲ್ಯೂಮ್ ಸೊನ್ನೆ, ಯಾರೂ ಹುಡುಕೋದೇ ಇಲ್ಲ ಅಂತಾರೆ. ಈ ಸೊನ್ನೆ ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಗೂಗಲ್‌ನ ಕೀವರ್ಡ್ ಪ್ಲಾನರ್ ಇರುವುದು ಜಾಹೀರಾತು ಕೊಡುವವರಿಗೋಸ್ಕರ. ಅದು ಕೊಡುವುದು ಅಂದಾಜು. ತೀರ ಕಡಿಮೆ ಇರುವುದನ್ನು ಅದು ಲೆಕ್ಕಕ್ಕೇ ತೋರಿಸುವುದಿಲ್ಲ. ಈಗ ಕನ್ನಡ ಹೇಗೆ ಕೆಲಸ ಮಾಡುತ್ತದೆ ನೋಡಿ. ಇಂಗ್ಲಿಷಿನಲ್ಲಿ ಇನ್ ಕೂಡ್ಲಿಗಿ, ಟು ಕೂಡ್ಲಿಗಿ, ಫ್ರಮ್ ಕೂಡ್ಲಿಗಿ ಎಲ್ಲದರಲ್ಲೂ ಕೂಡ್ಲಿಗಿ ಬೇರೆ ಪದವಾಗಿ ಉಳಿಯುತ್ತದೆ. ಕನ್ನಡದಲ್ಲಿ ಕೂಡ್ಲಿಗಿಯಲ್ಲಿ, ಕೂಡ್ಲಿಗಿಗೆ, ಕೂಡ್ಲಿಗಿಯಿಂದ, ಕೂಡ್ಲಿಗ್ಯಾಗ. ಪ್ರತಿಯೊಂದೂ ಬೇರೆ ಬೇರೆ ಅಕ್ಷರಸರಣಿ. ಅದಕ್ಕೆ ಬರವಣಿಗೆಯ ಕೂಡ್ಲಿಗಿ, ಬಾಯಿಮಾತಿನ ಕೂಡ್ಲಗಿ ಸೇರಿಸಿ. ಕನ್ನಡ ಲಿಪಿಯಲ್ಲಿ ಟೈಪ್ ಮಾಡುವವರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರನ್ನೂ ಸೇರಿಸಿ. ಆ ಎರಡನೆಯವರೊಳಗೆ ನಾಲ್ಕಾರು ಸ್ಪೆಲ್ಲಿಂಗ್ ಸೇರಿಸಿ. ಒಂದೇ ಅಗತ್ಯ ಇಪ್ಪತ್ತು ಮೂವತ್ತು ತುಂಡಾಗುತ್ತದೆ. ಒಂದೊಂದು ತುಂಡೂ ಟೂಲಿನ ಕಣ್ಣಿಗೆ ಬೀಳದಷ್ಟು ಚಿಕ್ಕದು. ಟೂಲ್ ಪ್ರತಿ ತುಂಡಿನ ಮುಂದೆಯೂ ಸೊನ್ನೆ ಬರೆಯುತ್ತದೆ. ಮೂವತ್ತು ಸೊನ್ನೆ ಕೂಡಿದರೂ ಸೊನ್ನೆಯೇ ತಾನೆ ಅಂತ ಶೀಟಿನಲ್ಲಿ ಲೆಕ್ಕ ಮುಗಿಯುತ್ತದೆ. ಹೊಲದಲ್ಲಿ ನಿಂತವನ ಲೆಕ್ಕ ಹಾಗಿರುವುದಿಲ್ಲ.

ದಿನಾ ನಡೆಯುವ ಹುಡುಕಾಟಗಳಲ್ಲಿ ಸುಮಾರು 15% ಹಿಂದೆ ಎಂದೂ ಕಂಡಿರದಂಥವು ಅಂತ ಗೂಗಲ್ಲೇ ವರ್ಷಗಳಿಂದ ಹೇಳುತ್ತಾ ಬಂದಿದೆ. ಜಗತ್ತಿನ ಎಲ್ಲ ಭಾಷೆ ಸೇರಿಸಿ ಈ ಮಾತು. ಹಿಂದೆ ಕಂಡಿರದ ಪದ ಯಾವ ಟೂಲಿನ ಪಟ್ಟಿಯಲ್ಲೂ ಬರುವುದಿಲ್ಲ. ಅದನ್ನು ತಿಳಿಯಬೇಕಾದರೆ ಜನರ ಮಾತು ಕೇಳಬೇಕು.

ಇದರಲ್ಲಿ ನನಗೆ ಸಿಟ್ಟು ಬರಿಸುವ ಭಾಗ ಬೇರೆಯೇ ಇದೆ. ಸೊನ್ನೆ ವಾಲ್ಯೂಮ್ ಅಂತ ನಮ್ಮ ಪದಗಳನ್ನು ತಳ್ಳಿಹಾಕುವ ಇವರೇ ಸೊನ್ನೆ ವಾಲ್ಯೂಮಿನ ಇನ್ನೊಂದು ಥರದ ಪದಗಳನ್ನು ಭರ್ಜರಿಯಾಗಿ ಮಾರುತ್ತಾರೆ. ಬೆಸ್ಟ್ ಐಟಿ ಸೊಲ್ಯೂಷನ್ ಕಂಪನಿ ಇನ್ ಹಗರಿಬೊಮ್ಮನಹಳ್ಳಿ. ಟಾಪ್ 10 ಪ್ಯಾಕರ್ಸ್ ಅಂಡ್ ಮೂವರ್ಸ್ ಇನ್ ಹಡಗಲಿ. ಇದನ್ನು ಹುಟ್ಟಿದ ಮನುಷ್ಯ ಯಾರೂ ಹುಡುಕುವುದಿಲ್ಲ. ಯಾರೂ ಹುಡುಕದ್ದರಿಂದ ಪೈಪೋಟಿ ಇಲ್ಲ, ಪೈಪೋಟಿ ಇಲ್ಲದ್ದರಿಂದ ಮೊದಲ ಸ್ಥಾನ ಸುಲಭ, ಮೊದಲ ಸ್ಥಾನ ಬಂದಿದ್ದರಿಂದ ತಿಂಗಳ ರಿಪೋರ್ಟಿನಲ್ಲಿ ಹಸಿರು ಬಾಣ. ಕ್ಲೈಂಟ್ ಖುಷಿ.

ಒಂದೇ ಪುಟವನ್ನು ಬರೆದು ಊರಿನ ಹೆಸರಿನ ಜಾಗ ಖಾಲಿ ಬಿಟ್ಟು, ಕರ್ನಾಟಕದ ಎಲ್ಲ ತಾಲೂಕಿನ ಹೆಸರನ್ನು ಲೂಪ್‌ನಲ್ಲಿ ತುಂಬಿ ಪುಟ ಹುಟ್ಟಿಸುವುದು ಇವರ ದೊಡ್ಡ ವಿದ್ಯೆ. ಪುಟ ತೆರೆದರೆ ಕೂಡ್ಲಿಗಿ ಅಂತ ಹತ್ತು ಸಲ ಇರುತ್ತದೆ. ಕೂಡ್ಲಿಗಿಯ ಒಂದು ಬೀದಿ ಇರುವುದಿಲ್ಲ, ಒಂದು ಅಂಗಡಿ ಇರುವುದಿಲ್ಲ. ಫೋನ್ ನಂಬರಿಗೆ ಮಾಡಿದರೆ ಯಾವುದೋ ದೂರದ ಊರಿನ ಕಾಲ್ ಸೆಂಟರ್. ರಾತ್ರಿ ಹೊತ್ತು ಮಗುವಿಗೆ ಜ್ವರ ಏರಿ ಕೂಡ್ಲಿಗಿಯಲ್ಲಿ ಮಕ್ಕಳ ಡಾಕ್ಟರ್ ಯಾರಿದ್ದಾರೆ ಅಂತ ಹುಡುಕುವವರಿಗೆ ಇದು ಸಿಕ್ಕರೆ ಏನು ಗತಿ? ನಮ್ಮ ಊರಿನ ಹೆಸರನ್ನು ಗಾಳಕ್ಕೆ ಸಿಕ್ಕಿಸಿ ನಮ್ಮವರನ್ನೇ ಹಿಡಿಯುವ ಕೆಲಸ ಇದು. ಗೂಗಲ್ ಇಂಥ ಪುಟಗಳಿಗೆ ಡೋರ್‌ವೇ ಅಂತ ಹೆಸರಿಟ್ಟು ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. 2024ರ ಮಾರ್ಚ್‌ನಲ್ಲಿ, ರಾಶಿಗಟ್ಟಲೆ ಹುಟ್ಟಿಸಿದ ಪುಟಗಳ ಮೇಲೆ ಇನ್ನೊಂದು ನಿಯಮವನ್ನೂ ತಂದಿದೆ. ಪುಟದ ತಲೆಯಲ್ಲಿ ಅಡಗಿಸಿಡುವ ಕೀವರ್ಡ್ ಟ್ಯಾಗನ್ನು ರ್‍ಯಾಂಕಿಂಗಿಗೆ ನೋಡುವುದೇ ಇಲ್ಲ ಅಂತ 2009ರಲ್ಲೇ ಹೇಳಿದೆ. ಆದರೂ ಇವತ್ತಿಗೂ ಆ ಟ್ಯಾಗ್ ತುಂಬಿ ಬಿಲ್ ಮಾಡುವವರಿದ್ದಾರೆ.

ತಪ್ಪೆಲ್ಲ ಮಾರ್ಕೆಟಿಂಗಿನವರದೇ ಅಂತ ನಾನು ಹೇಳುವುದಿಲ್ಲ. ಕನ್ನಡದ ಹೆಸರಿನಲ್ಲಿ ಕೂತವರೂ ಇದರಲ್ಲಿ ಪಾಲುದಾರರು. ಜನ ತೇರು ಅನ್ನುತ್ತಾರೆ, ಇವರು ಮಹಾರಥೋತ್ಸವ ಅಂತಲೇ ಬರೆಯುತ್ತಾರೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ನಡೆದುಕೊಂಡು ಬರುವ ಭಕ್ತರಿದ್ದಾರೆ. ಅವರಲ್ಲಿ ಒಬ್ಬರಾದರೂ ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿ ಮಹಾರಥೋತ್ಸವದ ದಿನಾಂಕ ಅಂತ ಟೈಪ್ ಮಾಡುತ್ತಾರಾ? ಕೊಟ್ಟೂರು ತೇರು ಯಾವಾಗ, ಅಷ್ಟೇ. ಮೈಲಾರದ ಕಾರ್ಣಿಕಕ್ಕೆ ಹೋಗುವವರು ಈ ವರ್ಷ ಕಾರ್ಣಿಕ ಏನಾಯ್ತು ಅಂತ ಹುಡುಕುತ್ತಾರೆ. ಹೊಲದ ಕಾಗದಕ್ಕೆ ನಮ್ಮ ಕಡೆ ಪಹಣಿ, ಬೆಳಗಾವಿ ಕಡೆ ಉತಾರ, ಆಫೀಸಿನಲ್ಲಿ ಆರ್‌ಟಿಸಿ. ಮೂರನ್ನೂ ಒಂದೇ ಪುಟದಲ್ಲಿ ಬರೆದರೆ ಯಾರ ಗಂಟು ಹೋಗುತ್ತದೆ? ಶುದ್ಧ ಪದವನ್ನೇ ಬರೆಯಬೇಕು ಅನ್ನುವ ಹಟದಲ್ಲಿ ಜನರ ಪದವನ್ನು ಹೊರಗಿಟ್ಟರೆ, ಆ ಪುಟವನ್ನು ಓದಲು ಉಳಿಯುವುದು ಬರೆದವರು ಮಾತ್ರ.

ಪದ ಸರಿಯಿದ್ದರೂ ಸಿಗದಂತೆ ಮಾಡುವ ಇನ್ನೊಂದು ದಾರಿ ಇದೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿ ಏರಿಸುವುದು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಮೂವತ್ತು ವರ್ಷ ದಾಟಿದರೂ ಹಳೆಯ ಫಾಂಟಿನ ಸುತ್ತೋಲೆಗಳು ಕಣ್ಣಿಗೆ ಬೀಳುತ್ತವೆ. ಖಾಸಗಿಯವರೇನು ಕಡಿಮೆಯಿಲ್ಲ. ಅಂಗಡಿಯ ವಿವರವನ್ನೆಲ್ಲ ಒಂದು ಬಣ್ಣಬಣ್ಣದ ಬ್ಯಾನರ್ ಚಿತ್ರ ಮಾಡಿ ಹಾಕಿ ವೆಬ್‌ಸೈಟ್ ಆಯ್ತು ಅನ್ನುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ನಂಬಿ ಕೂತರೆ ಹುಡುಕುವವರಿಗೆ ಸಿಗುವುದು ಕಷ್ಟ.

ಈಗ ಬರುವ ವಾದ ಗೊತ್ತು. ಎಐ ಬಂತಲ್ಲ, ಅದಕ್ಕೆ ಎಲ್ಲ ಸಮಾನಾರ್ಥಕ ಪದ ಅರ್ಥವಾಗುತ್ತೆ, ಕೀವರ್ಡ್ ಕಾಲ ಮುಗೀತು ಅಂತಾರೆ. ಶೇಂಗಾ, ಕಡಲೆಕಾಯಿ, ನೆಲಗಡಲೆ ಒಂದೇ ಅಂತ ಯಂತ್ರ ಕಲಿಯಬಹುದು, ಒಪ್ಪುತ್ತೇನೆ. ಅದು ಕಲಿಯುವುದಾದರೂ ಎಲ್ಲಿಂದ? ಯಾರೋ ಬರೆದಿಟ್ಟದ್ದರಿಂದ. ಸುಳಿ ಹುಳ ಅಂದರೆ ಹರಪನಹಳ್ಳಿಯಲ್ಲಿ ಏನರ್ಥ ಅಂತ ಎಲ್ಲೂ ಬರೆಯದೇ ಇದ್ದರೆ ಅದು ಕಲಿಯುವುದು ಹೇಗೆ? ಬರೆದದ್ದು ಸಿಗದಿದ್ದಾಗ ಅದು ಸುಮ್ಮನೆ ಕೂರುವುದೂ ಇಲ್ಲ, ಧೈರ್ಯವಾಗಿ ಏನೋ ಒಂದು ಹೇಳಿಬಿಡುತ್ತದೆ. ಇವತ್ತು ಪುಟಗಳಲ್ಲಿ ಇರುವ ಪದಗಳೇ ನಾಳೆ ಯಂತ್ರದ ಬಾಯಲ್ಲಿ ಬರುವ ಪದಗಳು. ಇವತ್ತು ಡಿಲೀಟ್ ಆದ ಪದ ನಾಳೆ ಅದಕ್ಕೆ ಗೊತ್ತೇ ಇರುವುದಿಲ್ಲ.

ಇನ್ನೊಂದು ವಾದ ದುಡ್ಡಿನದು. ತಾಲೂಕು ಮಟ್ಟದ ಅಂಗಡಿಗೆ ಅಷ್ಟೆಲ್ಲ ಸಂಶೋಧನೆ ಮಾಡೋಕೆ ಯಾರು ದುಡ್ಡು ಕೊಡ್ತಾರೆ ಅಂತ. ಲೆಕ್ಕ ತಿರುಗಿಸಿ ನೋಡಿ. ಬೆಂಗಳೂರಿನಲ್ಲಿ ಒಂದು ಪದಕ್ಕೆ ಸಾವಿರ ಜನ ಬಡಿದಾಡುತ್ತಿರುತ್ತಾರೆ. ಕೊಟ್ಟೂರಿನ ಮಿರ್ಚಿ-ಮಂಡಕ್ಕಿ ಅಂಗಡಿಯವನಿಗೆ ಪೈಪೋಟಿ ಎಷ್ಟು? ಅವನ ಪುಟದಲ್ಲಿ ಪಫ್ಡ್ ರೈಸ್ ಸ್ನ್ಯಾಕ್ಸ್ ಅನ್ನುವ ಬದಲು ಮಂಡಕ್ಕಿ ಅಂತ ಇರಲಿ, ಮೈಸೂರಿನಿಂದ ಬರುವವರಿಗೆ ಪುರಿ ಅಂತಲೂ ಇರಲಿ, ಬಸ್ ಸ್ಟ್ಯಾಂಡಿನಿಂದ ಯಾವ ಕಡೆ ಅಂತ ಇರಲಿ, ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಇರಲಿ. ಒಂದು ಪುಟ ಸಾಕು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆ ಹೆಸರೇ ಒಂದು ಕೀವರ್ಡ್, ಸರ್ಕಾರವೇ ಮುದ್ರೆ ಹೊಡೆದು ಕೊಟ್ಟದ್ದು. ಅದನ್ನು ಬಿಟ್ಟು ಫ್ರೆಶ್ ಜಾಸ್ಮಿನ್ ಆನ್‌ಲೈನ್ ಅಂತ ದೇಶದ ಎಲ್ಲ ಹೂವಿನ ವ್ಯಾಪಾರಿಗಳ ಜೊತೆ ಕುಸ್ತಿಗೆ ಇಳಿಯಿರಿ ಅಂತ ಸಲಹೆ ಕೊಡುವವರಿಗೆ ಏನೆನ್ನೋಣ? ಎಚ್‌ಬಿ ಹಳ್ಳಿ ತಾಲೂಕಿನ ಅಂಕಸಮುದ್ರದ ಪಕ್ಷಿಧಾಮ 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿತು. ಅಲ್ಲಿಗೆ ಹೋಗುವ ದಾರಿ, ಹಕ್ಕಿ ಬರುವ ತಿಂಗಳು, ಹತ್ತಿರ ಊಟ ಎಲ್ಲಿ ಅನ್ನುವುದನ್ನು ಸ್ಥಳೀಯರೊಬ್ಬರು ನೆಟ್ಟಗೆ ಬರೆದರೆ ಯಾವ ಏಜೆನ್ಸಿಯ ಪ್ಯಾಕೇಜೂ ಬೇಕಾಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಟೂಲ್ ತೆರೆಯುವ ಮೊದಲು ಅಂಗಡಿಯವರಿಗೆ ಫೋನ್ ಮಾಡಿ, ಗಿರಾಕಿಗಳು ಏನಂತ ಕೇಳುತ್ತಾರೆ ಅಂತ ಅವರ ಬಾಯಲ್ಲೇ ಹೇಳಿಸಿ, ಹೇಳಿದ ಹಾಗೇ ಬರೆದುಕೊಳ್ಳಿ. ಅವರಿಗೆ ಬರುವ ವಾಟ್ಸಾಪ್ ಮೆಸೇಜುಗಳಲ್ಲಿ ಇರುವ ಪದಗಳನ್ನು ನೋಡಿ. ಪುಟ ಹಾಕಿದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಯಾವ ಪದದಿಂದ ಜನ ಬಂದರು ಅಂತ ತಿಂಗಳಿಗೊಮ್ಮೆ ನೋಡಿ. ಅಲ್ಲಿಯೂ ಅಪರೂಪದ ಪದಗಳು ಕಾಣಿಸುವುದಿಲ್ಲ, ಆದರೂ ಅಂದಾಜಿನ ಟೂಲಿಗಿಂತ ಅದು ಹತ್ತಿರದ ಸತ್ಯ. ಒಂದೇ ವಸ್ತುವಿನ ಎರಡು ಮೂರು ಹೆಸರನ್ನು ಒಂದೇ ಪುಟದಲ್ಲಿ, ವಾಕ್ಯದೊಳಗೆ, ಯೂನಿಕೋಡ್‌ನಲ್ಲಿ, ಓದುವವರಿಗೆ ಹೇಳುವ ಹಾಗೆ ಬರೆಯಿರಿ. ಊರಿನ ಹೆಸರು ಬರೆದರೆ ಆ ಊರಿನ ಒಂದು ನಿಜವಾದ ಸಂಗತಿಯೂ ಅದರ ಜೊತೆ ಇರಲಿ. ಇಲ್ಲದಿದ್ದರೆ ಊರಿನ ಹೆಸರು ಬರೆಯಬೇಡಿ.

ಇದನ್ನು ಓದುತ್ತಿರುವವರಲ್ಲಿ ಬಹಳ ಜನ ನನ್ನ ಹಾಗೆ ಊರು ಬಿಟ್ಟು ಬಂದವರು ಅಂತ ನನಗೆ ಗೊತ್ತು. ನಿಮಗೆ ಆ ಪದಗಳೆಲ್ಲ ಬರುತ್ತವೆ. ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ಉಳ್ಳಾಗಡ್ಡಿ, ಲ್ಯಾಪ್‌ಟಾಪ್ ತೆರೆದ ಕೂಡಲೇ ಆನಿಯನ್. ಆಫೀಸಿನಲ್ಲಿ ಹಾಗೆ ಮಾತಾಡಿ, ಬೇಡ ಅನ್ನುವುದಿಲ್ಲ. ಆದರೆ ಮುಂದಿನ ಸಲ ಶೀಟಿನಲ್ಲಿ ಸೊನ್ನೆಯ ಸಾಲು ಕಂಡು ಕೈ ಡಿಲೀಟ್ ಕಡೆ ಹೋದಾಗ, ಅದರಲ್ಲಿ ನಿಮ್ಮ ಮನೆಯ ಮಾತು ಇದೆಯಾ ಅಂತ ಒಮ್ಮೆ ಓದಿ ನೋಡಿ. ಇದ್ದರೆ ಆ ಸಾಲನ್ನು ಉಳಿಸಿ, ಅದಕ್ಕೊಂದು ಪುಟ ಬರೆಯಿರಿ. ಮ್ಯಾನೇಜರ್ ಕೇಳಿದರೆ ಇದನ್ನು ಹುಡುಕುವವರು ನನಗೆ ಗೊತ್ತು ಅನ್ನಿ.